ಊರಿನ ನಕ್ಷೆಗೆ ಊರಿನವರ ಒಪ್ಪಿಗೆ ಬೇಡವೇ?

(ಉಗಾರ ಖುರ್ದದ ನಾಗರಿಕರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಊರು ಬೆಳೆಯಬೇಕೆಂಬ ವಿಷಯದಲ್ಲಿ ಈ ಸಭೆಯಲ್ಲಿರುವ ಯಾರಿಗೂ ಭಿನ್ನಾಭಿಪ್ರಾಯವಿರಲಾರದು. ರಸ್ತೆ ಅಗಲವಾಗಬೇಕು, ಚರಂಡಿ ಸರಿಯಾಗಬೇಕು, ಮಕ್ಕಳಿಗೆ ಆಟದ ಬಯಲು ಬೇಕು ಎಂದು ಎಲ್ಲರೂ ಬಯಸುತ್ತೇವೆ. ಆದರೆ ಆ ರಸ್ತೆ ಯಾರ ಅಂಗಡಿಯ ಮೇಲೆ ಹಾದುಹೋಗಬೇಕು, ಆ ಬಯಲು ಯಾರ ಹೊಲದಲ್ಲಿರಬೇಕು ಎಂಬುದನ್ನು ಯಾರು ನಿರ್ಧರಿಸುತ್ತಾರೆ? ಯಾವ ಸಭೆಯಲ್ಲಿ? ಯಾರನ್ನು ಕೇಳಿ? ಇಂದು ನಾನು ಮಾತನಾಡಲು ನಿಂತಿರುವುದು ಈ ಮೂರು ಪ್ರಶ್ನೆಗಳ ಕುರಿತಾಗಿದೆ.

ನಗರದ ಮುಂದಿನ ಹತ್ತು-ಇಪ್ಪತ್ತು ವರ್ಷಗಳ ಬೆಳವಣಿಗೆಯನ್ನು ನಿರ್ಧರಿಸುವ ದಾಖಲೆಗೆ ಸರಕಾರಿ ಭಾಷೆಯಲ್ಲಿ ಮಹಾಯೋಜನೆ ಎನ್ನುತ್ತಾರೆ. ಜನರ ಬಾಯಲ್ಲಿ ಅದು ಮಾಸ್ಟರ್ ಪ್ಲಾನ್. ಅದೊಂದು ಬಣ್ಣದ ನಕ್ಷೆ ಮತ್ತು ಅದರ ಜೊತೆಗಿರುವ ನಿಯಮಗಳ ಪುಸ್ತಕ. ಹಳದಿ ಬಣ್ಣ ಬಿದ್ದಲ್ಲಿ ವಾಸದ ಮನೆ, ನೀಲಿಯಲ್ಲಿ ವಾಣಿಜ್ಯ, ನೇರಳೆಯಲ್ಲಿ ಕೈಗಾರಿಕೆ, ಕೆಂಪಿನಲ್ಲಿ ಸಾರ್ವಜನಿಕ ಸಂಸ್ಥೆಗಳು, ಹಸಿರಿನಲ್ಲಿ ಉದ್ಯಾನ. ಈ ಬಣ್ಣಗಳು ಕಾಗದದ ಮೇಲಿನ ಅಲಂಕಾರವಲ್ಲ. ನೀವು ಪೈಸೆ ಪೈಸೆ ಕೂಡಿಸಿ ಕೊಂಡ ನಾಲ್ಕು ಗುಂಟೆ ಜಾಗದ ಮೇಲೆ ಹಸಿರು ಬಣ್ಣ ಬಿದ್ದರೆ ಅಲ್ಲಿ ಮನೆ ಕಟ್ಟಲು ಪರವಾನಿಗೆ ಸಿಗುವುದಿಲ್ಲ. ಪರವಾನಿಗೆಯಿಲ್ಲದಿದ್ದರೆ ಬ್ಯಾಂಕಿನ ಸಾಲವೂ ಸಿಗುವುದಿಲ್ಲ. ನಕ್ಷೆಯ ಒಂದು ಗೆರೆ ನಿಮ್ಮ ಗಲ್ಲಿಯ ಮೂಲಕ ಹಾದುಹೋದರೆ, ತಂದೆ ಕಟ್ಟಿಸಿದ ಮನೆಯ ಮುಂಭಾಗ ಮಗನ ಕಾಲಕ್ಕೆ ರಸ್ತೆಯಾಗುತ್ತದೆ.

ಹಾಗಾದರೆ ಈ ನಕ್ಷೆಗೆ ಒಪ್ಪಿಗೆ ಕೊಡುವವರು ಯಾರು? ಹೆಚ್ಚಿನವರು ನಾವು ಮತ ಹಾಕಿದ ಸದಸ್ಯರೇ ಎಂದು ಭಾವಿಸಿದ್ದಾರೆ. ಸದಸ್ಯರನ್ನು ಕೇಳಿದರೆ ಅದು ಪ್ರಾಧಿಕಾರದ ಕೆಲಸ ಎನ್ನುತ್ತಾರೆ. ಪ್ರಾಧಿಕಾರವನ್ನು ಕೇಳಿದರೆ ಅಂತಿಮ ಅನುಮೋದನೆ ಸರಕಾರದ್ದು ಎಂಬ ಉತ್ತರ ಬರುತ್ತದೆ. ಈ ಮೂರೂ ಉತ್ತರಗಳಲ್ಲಿ ಸ್ವಲ್ಪ ಸತ್ಯವಿದೆ. ಆ ಸ್ವಲ್ಪ ಸ್ವಲ್ಪ ಸತ್ಯದ ನಡುವೆಯೇ ಹೊಣೆಗಾರಿಕೆ ಕಳೆದುಹೋಗುತ್ತದೆ.

1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 13ನೇ ಕಲಂ ಈ ದಾರಿಯನ್ನು ಸ್ಪಷ್ಟವಾಗಿ ಹೇಳುತ್ತದೆ. ಯೋಜನಾ ಪ್ರಾಧಿಕಾರವು ಮಹಾಯೋಜನೆಯನ್ನು ಸಿದ್ಧಪಡಿಸಿ ಸರಕಾರಕ್ಕೆ ಕಳುಹಿಸುತ್ತದೆ. ಸರಕಾರವು ತಾತ್ಕಾಲಿಕ ಒಪ್ಪಿಗೆ ನೀಡುತ್ತದೆ. ಆನಂತರ ಅದನ್ನು ಪ್ರಕಟಿಸಿ 60 ದಿನಗಳೊಳಗೆ ಜನರ ಅಭಿಪ್ರಾಯ, ಆಕ್ಷೇಪಗಳನ್ನು ಕೇಳಬೇಕು. ಅವುಗಳನ್ನು ಪರಿಶೀಲಿಸಿ ಮತ್ತೆ ಸರಕಾರಕ್ಕೆ ಕಳುಹಿಸಿದ ಮೇಲಷ್ಟೇ ಅಂತಿಮ ಅನುಮೋದನೆ. ಇಲ್ಲಿನ ಕ್ರಮವನ್ನು ಗಮನಿಸಿರಿ. ಸರಕಾರದ ಮೊದಲ ಒಪ್ಪಿಗೆ ಜನರ ಮಾತಿಗಿಂತ ಮೊದಲೇ ಬರುತ್ತದೆ. ಅಡುಗೆಯಾದ ಮೇಲೆ ಏನು ಅಡುಗೆ ಮಾಡೋಣವೆಂದು ಮನೆಯವರನ್ನು ಕೇಳಿದ ಹಾಗೆ! ಆದರೂ ಆ 60 ದಿನಗಳು ಕಾನೂನು ನಮಗೆ ಕೊಟ್ಟ ಹಕ್ಕು. ಆ ಹಕ್ಕನ್ನು ನಾವು ಬಳಸುತ್ತೇವೆಯೇ ಎಂಬುದೇ ಪ್ರಶ್ನೆ.

ಸಂವಿಧಾನದ ಆಶಯವಾದರೂ ಬೇರೆಯೇ ಇದೆ. 1993ರ ಜೂನ್ 1ರಂದು ಜಾರಿಗೆ ಬಂದ 74ನೇ ತಿದ್ದುಪಡಿಯು ನಗರಾಡಳಿತಕ್ಕೆ ಸಂಬಂಧಿಸಿದ 18 ವಿಷಯಗಳ ಪಟ್ಟಿಯನ್ನು ಕೊಟ್ಟಿದೆ. ಅದರಲ್ಲಿ ಮೊದಲನೆಯದೇ ನಗರ ಯೋಜನೆ. ಜಿಲ್ಲೆಗೊಂದು ಯೋಜನಾ ಸಮಿತಿ ಇರಬೇಕು, ಅದರ ಸದಸ್ಯರಲ್ಲಿ ಐದರಲ್ಲಿ ನಾಲ್ಕು ಪಾಲಿಗೆ ಕಡಿಮೆಯಿಲ್ಲದಷ್ಟು ಮಂದಿ ಚುನಾಯಿತ ಪ್ರತಿನಿಧಿಗಳಿಂದ ಆರಿಸಲ್ಪಟ್ಟಿರಬೇಕು ಎಂದು ಅದು ವಿಧಿಸುತ್ತದೆ. ಮಹಾನಗರಗಳ ಸಮಿತಿಯಲ್ಲಿ ಈ ಪಾಲು ಮೂರರಲ್ಲಿ ಎರಡು. ಅಂದರೆ ಊರಿನ ಭವಿಷ್ಯವನ್ನು ಊರಿಗೆ ಉತ್ತರ ಕೊಡಬೇಕಾದವರು ರೂಪಿಸಬೇಕೆಂಬುದು ಸಂವಿಧಾನದ ಮಾತು.

ಆಚರಣೆಯಲ್ಲಿ ಏನಾಯಿತು ಎಂಬುದಕ್ಕೆ ನಮ್ಮ ರಾಜಧಾನಿಯನ್ನೇ ನೋಡೋಣ. ಕಾನೂನು ಬಲ್ಲವರು, ನಿವೃತ್ತ ಅಧಿಕಾರಿಗಳು, ವಾಸ್ತುತಜ್ಞರು, ಪತ್ರಕರ್ತರು ತುಂಬಿರುವ ನಗರವದು. ಅಂತಹ ಬೆಂಗಳೂರಿನ 2015ರವರೆಗಿನ ಪರಿಷ್ಕೃತ ಮಹಾಯೋಜನೆಗೆ 2007ರ ಜೂನ್‌ನಲ್ಲಿ ಅಂತಿಮ ಒಪ್ಪಿಗೆ ದೊರೆಯಿತು. ಆಗ ಅಲ್ಲಿ ಚುನಾಯಿತ ಪಾಲಿಕೆಯೇ ಇರಲಿಲ್ಲ. ಹಳೆಯ ಪಾಲಿಕೆಯ ಅವಧಿ 2006ರಲ್ಲಿ ಮುಗಿದಿತ್ತು. ಹೊಸ ಬೃಹತ್ ಪಾಲಿಕೆಗೆ ಚುನಾವಣೆ ನಡೆದದ್ದು 2010ರಲ್ಲಿ. ಸಂವಿಧಾನ ಹೇಳಿದ ಮಹಾನಗರ ಯೋಜನಾ ಸಮಿತಿ ರಚನೆಯಾದದ್ದಂತೂ 2014ರಲ್ಲಿ. ಲಕ್ಷಾಂತರ ಕುಟುಂಬಗಳ ಬದುಕನ್ನು ಮುಟ್ಟುವ ಯೋಜನೆಗೆ ಒಪ್ಪಿಗೆ ಸಿಕ್ಕಾಗ ವಾರ್ಡಿನ ಪರವಾಗಿ ಎದ್ದು ನಿಂತು ಪ್ರಶ್ನೆ ಕೇಳಲು ಒಬ್ಬ ಸದಸ್ಯನೂ ಇರಲಿಲ್ಲವೆಂದರೆ ಇದಕ್ಕೇನು ಹೇಳೋಣ? ವಸತಿ ಬಡಾವಣೆಗಳಲ್ಲಿ ವ್ಯಾಪಾರಕ್ಕೆ ಅವಕಾಶ ಕೊಟ್ಟ ಆ ಯೋಜನೆಯ ನಿಯಮಗಳ ವಿರುದ್ಧ ನಿವಾಸಿಗಳ ಸಂಘಟನೆಗಳು ಉಚ್ಚ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು.

ಆದರೆ ಅದೇ ನಗರ ಇನ್ನೊಂದು ಪಾಠವನ್ನೂ ಕಲಿಸಿದೆ. 2031ರವರೆಗಿನ ಯೋಜನೆಯ ಕರಡು 2017ರ ನವೆಂಬರ್‌ನಲ್ಲಿ ಹೊರಬಂತು. ಆ ವರ್ಷದ ವೇಳೆಗೆ ಜನಸಂಖ್ಯೆ 2 ಕೋಟಿ ದಾಟುವುದೆಂದು ಅದು ಅಂದಾಜು ಮಾಡಿತ್ತು. ಈ ಬಾರಿ ಜನರು ಸುಮ್ಮನಿರಲಿಲ್ಲ. ನಿವಾಸಿಗಳ ಸಂಘಗಳು ಸಭೆ ಸೇರಿದವು. ನೀರು ಎಲ್ಲಿಂದ ಬರುತ್ತದೆ, ಕೆರೆಗಳ ಗತಿಯೇನು, ಸಂವಿಧಾನಬದ್ಧ ಸಮಿತಿಯನ್ನು ಬಿಟ್ಟು ಅಭಿವೃದ್ಧಿ ಪ್ರಾಧಿಕಾರವು ಯೋಜನೆ ರೂಪಿಸುವುದು ಹೇಗೆ ಎಂದು ಕೇಳಿದವು. 13,000ಕ್ಕೂ ಹೆಚ್ಚು ಆಕ್ಷೇಪ-ಸಲಹೆಗಳು ದಾಖಲಾದವು. ಕೊನೆಗೆ 2020ರಲ್ಲಿ ಸರಕಾರ ಆ ಕರಡನ್ನು ಹಿಂದೆಗೆದುಕೊಂಡಿತು. ಇದಕ್ಕೆ ಮೊದಲು, 2016ರ ಅಕ್ಟೋಬರ್‌ನಲ್ಲಿ, ಹೆಬ್ಬಾಳದವರೆಗಿನ ಉಕ್ಕಿನ ಮೇಲ್ಸೇತುವೆಯ ವಿರುದ್ಧ ಸಾವಿರಾರು ಮಂದಿ ಮಾನವ ಸರಪಳಿ ರಚಿಸಿದ್ದರು. 2017ರ ಮಾರ್ಚ್‌ನಲ್ಲಿ ಸರಕಾರ ಆ ಯೋಜನೆಯನ್ನು ಕೈಬಿಟ್ಟಿತು. ಕಲ್ಲು ಎಸೆಯದೆ, ಬಸ್ಸು ಸುಡದೆ, ಕಾಗದ ಮತ್ತು ಪ್ರಶ್ನೆಗಳನ್ನು ಹಿಡಿದು ನಿಂತವರಿಗೆ ದೊರೆತ ಫಲವಿದು.

ಬೆಂಗಳೂರು ದೂರವೆಂದು ಹೇಳುವವರು ನಮ್ಮ ಜಿಲ್ಲಾ ಕೇಂದ್ರವನ್ನಾದರೂ ನೋಡಲಿ. ಬೆಳಗಾವಿಯ ಶಹಾಪುರ ಭಾಗದಲ್ಲಿ ರಸ್ತೆ ಅಗಲೀಕರಣಕ್ಕೆ ಬಳಸಿದ ಖಾಸಗಿ ಭೂಮಿಯ ಪರಿಹಾರದ ವಿವಾದವು ಉಚ್ಚ ನ್ಯಾಯಾಲಯದವರೆಗೆ ಹೋಯಿತು. 2024ರಲ್ಲಿ ಪಾಲಿಕೆಯು ರಸ್ತೆಯಾಗಿದ್ದ ಭೂಮಿಯನ್ನೇ ಮರಳಿ ಬಿಟ್ಟುಕೊಡಬೇಕಾಯಿತು. ರಸ್ತೆಯ ಖರ್ಚು ಯಾರದು? ತೆರಿಗೆ ಕಟ್ಟಿದ ಜನರದು. ಮೊದಲೇ ಕಾಗದ ಪತ್ರ ನೋಡಿ, ಮಾಲಿಕರನ್ನು ಕರೆದು ಮಾತನಾಡಿದ್ದರೆ ಇಷ್ಟು ದೂರ ಹೋಗಬೇಕಾದ ಅಗತ್ಯವಿತ್ತೇ? ಅವಸರದ ಒಪ್ಪಿಗೆ ಸಮಯವನ್ನು ಉಳಿಸುವುದಿಲ್ಲ, ಅದು ಜಗಳವನ್ನು ಮುಂದೂಡುತ್ತದೆ ಅಷ್ಟೇ.

ಈಗ ನಮ್ಮ ಊರಿಗೆ ಬರೋಣ. ಉಗಾರಕ್ಕೆ ಯೋಜನೆಯೇ ಬೇಡವೆಂದು ನಾನು ಹೇಳುತ್ತಿಲ್ಲ. ಯೋಜನೆಯಿಲ್ಲದ ಬೆಳವಣಿಗೆಯ ಕಷ್ಟವನ್ನು ಕೃಷ್ಣೆಯ ದಂಡೆಯ ನಮಗಿಂತ ಚೆನ್ನಾಗಿ ಬಲ್ಲವರು ಯಾರು? 2005ರಲ್ಲಿ, 2019ರಲ್ಲಿ, ಮತ್ತೆ 2021ರಲ್ಲಿ ನದಿ ಉಕ್ಕಿ ಹರಿಯಿತು. ಕುಡಚಿಗೆ ಹೋಗುವ ಸೇತುವೆ ಮುಳುಗಿತು. ದಂಡೆಯ ಊರುಗಳ ಜನರು ದನಕರುಗಳೊಡನೆ ಎತ್ತರದ ಜಾಗಗಳಿಗೆ ಸಾಗಬೇಕಾಯಿತು. 1939ರಿಂದ ಇಲ್ಲಿ ಸಕ್ಕರೆ ಕಾರ್ಖಾನೆಯಿದೆ. ಹಂಗಾಮು ಆರಂಭವಾಯಿತೆಂದರೆ ಕಬ್ಬು ತುಂಬಿದ ಟ್ರ್ಯಾಕ್ಟರುಗಳು, ಶಾಲೆಗೆ ಹೋಗುವ ಮಕ್ಕಳು, ಸಂತೆಗೆ ಬಂದವರು ಎಲ್ಲರೂ ಹಂಚಿಕೊಳ್ಳಬೇಕಾದದ್ದು ಅದೇ ರಸ್ತೆಗಳನ್ನು. ನೆರೆಯ ನೀರು ಎಲ್ಲಿಯವರೆಗೆ ಬಂದಿತ್ತು, ಯಾವ ಓಣಿಗೆ ಮೊದಲು ನುಗ್ಗಿತು, ಕಬ್ಬಿನ ಗಾಡಿಗಳು ಎಲ್ಲಿ ಸಾಲುಗಟ್ಟುತ್ತವೆ ಎಂಬುದನ್ನು ದೂರದ ಕಚೇರಿಯಲ್ಲಿ ಕಂಪ್ಯೂಟರ್ ಮುಂದೆ ಕುಳಿತ ತಜ್ಞರು ತಿಳಿಯುವುದು ಹೇಗೆ? ಇಲ್ಲಿನ ನಿವಾಸಿಗಳನ್ನು ಕೇಳಿದರೆ ಮಾತ್ರ ತಿಳಿದೀತು. ಆದ್ದರಿಂದ ಜನರ ಅಭಿಪ್ರಾಯ ಕೇಳುವುದು ಆಡಳಿತವು ಜನರಿಗೆ ಮಾಡುವ ಉಪಕಾರವಲ್ಲ. ಅದಿಲ್ಲದೆ ಯೋಜನೆಯೇ ಕುರುಡಾಗುತ್ತದೆ.

ಆಡಳಿತವನ್ನು ಪ್ರಶ್ನಿಸುವ ನಾವು ನಮ್ಮನ್ನೂ ಸ್ವಲ್ಪ ಪ್ರಶ್ನಿಸಿಕೊಳ್ಳಬೇಕು. ಸಾಮಾನ್ಯವಾಗಿ ನಮ್ಮ ಮೊಹಲ್ಲಾಗಳು ಎಚ್ಚರಗೊಳ್ಳುವುದು ಖಬರಸ್ತಾನದ ಗೋಡೆಗೆ ಗುರುತು ಬಿದ್ದಾಗ. ಅದಕ್ಕೆ ಮೊದಲು ಆ ಜಾಗದ ಉತಾರದಲ್ಲಿ ಏನು ನಮೂದಾಗಿದೆ, ಅಳತೆ ಆಗಿದೆಯೇ, ನಕ್ಷೆಯಲ್ಲಿ ಅದಕ್ಕೆ ಯಾವ ಬಣ್ಣ ಹಾಕಿದ್ದಾರೆ ಎಂದು ನೋಡಲು ಎಷ್ಟು ಜಮಾಅತ್‌ಗಳಿಗೆ ಪುರುಸೊತ್ತು ಸಿಗುತ್ತದೆ? ಚರಂಡಿಯ ಮೇಲೆ ಕಟ್ಟೆ ಕಟ್ಟಿ ಅಂಗಡಿಯನ್ನು ಮುಂದಕ್ಕೆ ಚಾಚಿದವನು ಮಳೆಗಾಲದಲ್ಲಿ ಆಡಳಿತವನ್ನು ಬೈಯುವುದರಲ್ಲಿ ಯಾವ ನ್ಯಾಯವಿದೆ? ಇನ್ನೊಂದು ಮಾತು. ಆಕ್ಷೇಪ ಸಲ್ಲಿಸುವಾಗ ನಮ್ಮ ಖಬರಸ್ತಾನ, ನಮ್ಮ ಗಲ್ಲಿ ಎಂದಷ್ಟೇ ನಿಲ್ಲಬಾರದು. ನೆರೆಮನೆಯವರ ಸ್ಮಶಾನ, ದಲಿತ ಕೇರಿಯ ದಾರಿ, ತರಕಾರಿ ಮಾರುವ ತಾಯಂದಿರ ಜಾಗ ಇವೂ ನಮ್ಮ ಅರ್ಜಿಯಲ್ಲಿರಬೇಕು. ನ್ಯಾಯವನ್ನು ತನಗೆ ಮಾತ್ರ ಕೇಳುವವನ ಮಾತಿಗೆ ತೂಕವಿರುವುದಿಲ್ಲ.

ಹಾಗಾದರೆ ನಾವೇನು ಮಾಡಬೇಕು? ಕೇಳಬೇಕಾದದ್ದು ಐದು ಪ್ರಶ್ನೆಗಳು. ಒಂದನೆಯದಾಗಿ, ನಮ್ಮ ಊರು ಯಾವುದಾದರೂ ಯೋಜನಾ ಪ್ರದೇಶಕ್ಕೆ ಸೇರಿದೆಯೇ? ಸೇರಿದ್ದರೆ ಅದರ ಪ್ರಾಧಿಕಾರ ಯಾವುದು, ಕಚೇರಿ ಎಲ್ಲಿದೆ? ಎರಡನೆಯದಾಗಿ, ಯೋಜನೆ ಪ್ರಕಟವಾದರೆ ಯಾವ ದಿನ ಪ್ರಕಟವಾಯಿತು, 60 ದಿನ ಯಾವಾಗ ಮುಗಿಯುತ್ತದೆ? ಮೂರನೆಯದಾಗಿ, ನಕ್ಷೆಯನ್ನು ಸರ್ವೆ ನಂಬರು ಕಾಣುವಂತೆ, ಕನ್ನಡದಲ್ಲಿ, ಜನ ಸೇರುವ ಜಾಗದಲ್ಲಿ ತೂಗುಹಾಕಲಾಗಿದೆಯೇ? ನಾಲ್ಕನೆಯದಾಗಿ, 2019ರ ನೆರೆಯ ಮಟ್ಟವನ್ನು ಅದರಲ್ಲಿ ಗುರುತಿಸಲಾಗಿದೆಯೇ? ಐದನೆಯದಾಗಿ, ನಮ್ಮ ಸದಸ್ಯರು ಇದನ್ನು ಸಭೆಯಲ್ಲಿ ಚರ್ಚಿಸಿದರೇ, ಯಾವ ಠರಾವು ಮಾಡಿದರು, ಆ ದಿನ ಯಾರು ಏನು ಹೇಳಿದರು?

ಈ ಪ್ರಶ್ನೆಗಳನ್ನು ಚಹದಂಗಡಿಯಲ್ಲಿ ಕೇಳಿದರೆ ಪ್ರಯೋಜನವಿಲ್ಲ. ಬರೆದು ಕೊಡಬೇಕು, ಸ್ವೀಕೃತಿಯ ಮೊಹರು ಪಡೆಯಬೇಕು. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಿದೆ. ಹತ್ತು ರೂಪಾಯಿ ಶುಲ್ಕದೊಂದಿಗೆ ಅರ್ಜಿ ಕೊಟ್ಟರೆ ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರಿಸಬೇಕಾದದ್ದು ಅಧಿಕಾರಿಯ ಕರ್ತವ್ಯ. ನಮ್ಮ ಪದವೀಧರ ಯುವಕರು, ಯುವತಿಯರು ವಾರಕ್ಕೊಂದು ಸಂಜೆಯನ್ನು ಇದಕ್ಕೆ ಮೀಸಲಿಡಲಿ. ನಕ್ಷೆಯಲ್ಲಿ ತಮ್ಮ ಮನೆಯನ್ನು ಹುಡುಕಲು ಹಿರಿಯರಿಗೆ ನೆರವಾಗಲಿ. ಮಹಿಳೆಯರನ್ನು ಸಭೆಗೆ ಕರೆಯಿರಿ. ನೀರು ಎಷ್ಟು ಗಂಟೆಗೆ ಬರುತ್ತದೆ, ಯಾವ ದಾರಿಯಲ್ಲಿ ಕತ್ತಲಿರುತ್ತದೆ ಎಂಬುದು ಅವರಿಗೆ ಗೊತ್ತಿರುವಷ್ಟು ನಮಗೆ ಗೊತ್ತಿಲ್ಲ.

ಪ್ರಶ್ನೆ ಕೇಳುವವರನ್ನು ಅಭಿವೃದ್ಧಿ ವಿರೋಧಿಗಳೆಂದು ಕರೆಯುವುದು ಇಂದು ಸುಲಭವಾಗಿದೆ. ಅದಕ್ಕೆ ಕೋಪಗೊಳ್ಳಬೇಡಿ. ಕೈಯಲ್ಲಿರುವ ಕಾಗದವನ್ನು ತೋರಿಸಿ ಮತ್ತೊಮ್ಮೆ ಅದೇ ಪ್ರಶ್ನೆಯನ್ನು ಶಾಂತವಾಗಿ ಕೇಳಿರಿ. ಸದಸ್ಯರಿಗೂ ನನ್ನದೊಂದು ವಿನಂತಿಯಿದೆ. ಕಾನೂನಿನಲ್ಲಿ ನಿಮ್ಮ ಅಧಿಕಾರ ಕಡಿಮೆಯಿರಬಹುದು. ಆದರೆ ನಕ್ಷೆಯನ್ನು ವಾರ್ಡಿಗೆ ತಂದು ಜನರ ಮುಂದೆ ಬಿಡಿಸಿಡಲು ಯಾವ ಕಾನೂನೂ ಅಡ್ಡಿ ಬರುವುದಿಲ್ಲ. ಅಷ್ಟನ್ನು ಮಾಡಿರಿ. ಒಪ್ಪಿಗೆ ಸರಕಾರದ ಸಹಿಯಿಂದ ಸಿಗಬಹುದು, ಆದರೆ ಜನರ ವಿಶ್ವಾಸ ಅವರ ಮಾತನ್ನು ಆಲಿಸಿದಾಗಲೇ ಸಿಗುತ್ತದೆ. ವಿಶ್ವಾಸವಿಲ್ಲದ ಯೋಜನೆ ಎಷ್ಟೇ ಬಣ್ಣದ್ದಾಗಿದ್ದರೂ ಊರನ್ನು ಕಟ್ಟಲಾರದು.