ಬೀಡಿ ಕಟ್ಟುವ ಕೈಗಳ ಮುಪ್ಪಿನ ಪಾಲು



ಭವಿಷ್ಯ ನಿಧಿಯೆಂದರೆ ಕಚೇರಿ, ಕಾರ್ಖಾನೆಗಳಿಗೆ ಹೋಗುವವರ ಸೊತ್ತೆಂಬ ಭಾವನೆ ನಮ್ಮಲ್ಲಿದೆ. ಮನೆಯಲ್ಲಿ ಕುಳಿತು ಬೀಡಿ ಕಟ್ಟುವವರೂ ಅದಕ್ಕೆ ಹಕ್ಕುದಾರರೆಂದು ಸುಪ್ರೀಂ ಕೋರ್ಟ್ 1985ರಲ್ಲಿಯೇ ತೀರ್ಪಿತ್ತಿದೆ. ನಮ್ಮ ಕರಾವಳಿಯ ಅದೆಷ್ಟೋ ತಾಯಂದಿರಿಗೆ ಅನ್ವಯಿಸುವ ತೀರ್ಪದು.

ಆದರೆ ಹಕ್ಕು ದೊರೆಯುವುದು ಪುಸ್ತಕದಲ್ಲಿ ಹೆಸರಿದ್ದವರಿಗೆ ಮಾತ್ರ. ಅತ್ತೆಯ ಹೆಸರಿನ ಪುಸ್ತಕದಲ್ಲಿ ಸೊಸೆ ಇಪ್ಪತ್ತು ವರ್ಷ ಬೀಡಿ ಕಟ್ಟಿದರೂ ದಾಖಲೆಯಲ್ಲಿ ಅವಳ ದುಡಿಮೆ ಶೂನ್ಯ!

ಈ ಉದ್ಯಮದಲ್ಲಿ ಮಜೂರಿಯಿಂದ ಶೇ. 10 ಕಡಿತವಾಗುತ್ತದೆ; ಮಾಲಕರೂ ಅಷ್ಟೇ ಕಟ್ಟಬೇಕು. ಮಾಲಕರ ಪಾಲಿನ ಶೇ. 8.33 ಪಿಂಚಣಿ ಖಾತೆಗೆ ಸೇರುತ್ತದೆ. ಪಿಂಚಣಿಗೆ ಹತ್ತು ವರ್ಷಗಳ ಸೇವೆ ಬೇಕು. ಮಗಳ ಮದುವೆಗೆಂದು (ಅದರಲ್ಲೂ ಆಡಂಬರದ ಊಟಕ್ಕೆಂದು) ಎಂಟನೆಯ ವರ್ಷದಲ್ಲಿ ಕೆಲಸ ಬಿಟ್ಟೆನೆಂದು ಬರೆದುಕೊಟ್ಟು ಪಿಂಚಣಿಯ ಹಣವನ್ನೂ ಹಿಂಪಡೆದರೆ, ಆ ಎಂಟು ವರ್ಷಗಳ ಸೇವೆ ಅಳಿಸಿಹೋಗುತ್ತದೆ. ಮದುವೆಗೆ ನಿಧಿಯಿಂದ ಮುಂಗಡ ಪಡೆಯುವ ಅವಕಾಶವಿದೆ, ಅದರಿಂದ ಪಿಂಚಣಿಗೆ ಧಕ್ಕೆಯಿಲ್ಲ. ಇದನ್ನು ತಿಳಿಸಿ ಹೇಳುವವರು ವಿರಳ.

2014ರಲ್ಲಿ ನಿಗದಿಯಾದ ಕನಿಷ್ಠ ಪಿಂಚಣಿ ತಿಂಗಳಿಗೆ 1,000 ರೂಪಾಯಿ. ಔಷಧಿಗೂ ಸಾಲದ ಮೊತ್ತ, ನಿಜ. ಹಾಗಾಗಿಯೇ ಚಿಕಿತ್ಸೆಯ ಪ್ರಶ್ನೆ ಬರುತ್ತದೆ. ಬೀಡಿಯ ಮೇಲೆ 1976ರ ಕಾನೂನಿನಂತೆ ವಿಧಿಸುತ್ತಿದ್ದ ಸೆಸ್ಸಿನಿಂದ ಕಾರ್ಮಿಕರ ಚಿಕಿತ್ಸಾಲಯಗಳು ನಡೆಯುತ್ತಿದ್ದವು. 2017ರಲ್ಲಿ ಜಿಎಸ್‌ಟಿ ಬಂದಾಗ ಸೆಸ್ಸು ರದ್ದಾಯಿತು. ತಂಬಾಕಿನ ಧೂಳು ರದ್ದಾಗಲಿಲ್ಲ. ಹಕ್ಕಾಗಿದ್ದ ನಿಧಿಯನ್ನು ಬಜೆಟಿನ ಕೃಪೆಗೆ ಒಪ್ಪಿಸಿದ್ದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಮನೆಗೆ ಮರಳಿದೊಡನೆ ಪುಸ್ತಕ ತೆರೆದು, ಹೆಸರು ಮತ್ತು ಜನ್ಮದಿನಾಂಕ ಆಧಾರ್‌ಗೆ ಹೊಂದುತ್ತವೆಯೇ ನೋಡಿರಿ. ಸೊಸೆಗೆ ಪ್ರತ್ಯೇಕ ಪುಸ್ತಕ ಇಲ್ಲವಾದರೆ ನಾಳೆಯೇ ಗುತ್ತಿಗೆದಾರರಲ್ಲಿ ಕೇಳಿರಿ.