ಯಂತ್ರ ಅಗಿದ ಐದು ವರ್ಷ

ನನ್ನ ದವಡೆ ಹಲ್ಲಿನ ಪಿಂಗಾಣಿ ಕ್ಯಾಪು ಎರಡೇ ವರ್ಷಕ್ಕೆ, ಅಡಿಕೆ ಅಗಿಯುವಾಗ ಬಿರಿಯಿತು. ಐದು ವರ್ಷ ಬಾಳುತ್ತದೆ ಎಂದಿದ್ದರು. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು. ಈ ಐದರ ಲೆಕ್ಕ ಎಲ್ಲಿಯದೆಂದು ಹುಡುಕಿದೆ.

ಅಗಿಯುವ ಯಂತ್ರಗಳಿವೆಯಂತೆ! ಅಮೆರಿಕದ ಮಿನೆಸೋಟ ವಿಶ್ವವಿದ್ಯಾನಿಲಯದ ಡಿಲಾಂಗ್ ಮತ್ತು ಡಗ್ಲಸ್ ಎಂಬವರು 1983ರಲ್ಲೇ ಇಂಥ ಕೃತಕ ಬಾಯಿಯೊಂದರ ವಿವರ ಪ್ರಕಟಿಸಿದ್ದರು. ಈಗಿನ ಯಂತ್ರಗಳಲ್ಲಿ ಸಾಮಾನ್ಯವಾಗಿ 5 ಕಿಲೋ ಭಾರ ಹಲ್ಲಿನ ಮೇಲೆ ಇಳಿದು, ತುಸು ಪಕ್ಕಕ್ಕೆ ಜಾರಿ, ಮೇಲೇಳುತ್ತದೆ. ನಡುನಡುವೆ 5 ಡಿಗ್ರಿಯ ತಣ್ಣೀರು, 55 ಡಿಗ್ರಿಯ ಬಿಸಿನೀರು. ಸುಮಾರು 2,40,000 ಪೆಟ್ಟಿಗೆ ಒಂದು ವರ್ಷ, 12 ಲಕ್ಷಕ್ಕೆ ಐದು ವರ್ಷ ಎಂಬುದು ವಾಡಿಕೆ. ಸೆಕೆಂಡಿಗೊಂದು ಪೆಟ್ಟಾದರೂ ಎರಡು ವಾರದೊಳಗೆ ಐದು ವರ್ಷ ಮುಗಿಯಿತು! ಆದರೆ ಅಲ್ಲಿ ಅಡಿಕೆಯಿಲ್ಲ.

ಹೊಸ ಕ್ಯಾಪು ಹಾಕುವಾಗ ಡಾಕ್ಟರು ಕೇಳಿದರು: “ದಿನಕ್ಕೆಷ್ಟು ಅಡಿಕೆ?” ನಾನು ಅರ್ಧ ಲೆಕ್ಕವನ್ನಷ್ಟೇ ಒಪ್ಪಿಸಿದೆ.