ಹಿಂಡಿನೊಳಗಿನ ಒಂದು ಹಕ್ಕಿ

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳನ್ನು ಹಿಸುಕಿ ನೋಡಿದರೆ ಸಾಕು. ಶಾಸ್ತ್ರಕಾರರು ಇದಕ್ಕೆ ಸ್ಥಾಲೀಪುಲಾಕನ್ಯಾಯವೆಂದು ಹೆಸರಿಟ್ಟಿದ್ದಾರೆ. ಲೋಕವ್ಯವಹಾರದ ಬಹುಭಾಗ ಈ ನ್ಯಾಯದ ಮೇಲೆಯೇ ನಡೆಯುತ್ತದೆ. ಆದರೆ ಅದು ಸಲ್ಲದಿರುವ ಒಂದು ಸ್ಥಳವುಂಟು. ನೀರಂಚಿನಲ್ಲಿ ಮೇಯುವ ಹಕ್ಕಿಗಳ ಹಿಂಡೇ ಆ ಸ್ಥಳ. ಅಲ್ಲಿ ಒಂದನ್ನು ನೋಡಿ ನೂರನ್ನೂ ತಿಳಿದೆವೆಂದು ಎದ್ದು ಬಂದರೆ, ಆ ನೂರರೊಳಗಿನ ಅಪೂರ್ವವಾದ ಒಂದು ನಮ್ಮ ಕಣ್ಣು ತಪ್ಪಿಸಿಬಿಡುತ್ತದೆ.

ನಮ್ಮ ಭಾಗ್ಯನಗರದಲ್ಲಿ ಹುಲಿಗೆಮ್ಮನ ದರ್ಶನಕ್ಕೆ ಹೋಗದ ಮನೆ ವಿರಳ. ಆ ಹುಲಿಗಿಯ ಸಮೀಪದಲ್ಲೇ, ಮುನಿರಾಬಾದಿನಲ್ಲಿ, ತುಂಗಭದ್ರೆಯ ಅಣೆಕಟ್ಟು 1953ರಲ್ಲಿ ಸಿದ್ಧವಾಯಿತು. ತುಂಬಿದಾಗ ಸುಮಾರು 378 ಚದರ ಕಿಲೋಮೀಟರು ಹರಡುವ ಈ ಜಲರಾಶಿ, ಕಾಲುವೆಗಳಿಗೆ ನೀರು ಹರಿದಂತೆಲ್ಲ ಹಿಂದೆ ಸರಿಯುತ್ತದೆ. ಚಳಿಗಾಲ ಕಳೆಯುವ ಹೊತ್ತಿಗೆ ಹಿನ್ನೀರಿನ ಅಂಚಿನಲ್ಲಿ ಕೆಸರು ಬಯಲಾಗುತ್ತದೆ. ನಮಗದು ಕಾಲು ಹೂಳುವ ಕೆಸರು. ಹುಳುಹುಪ್ಪಟೆಗಳನ್ನು ಹೆಕ್ಕಿ ತಿನ್ನುವ ಹಕ್ಕಿಗಳಿಗೋ ಬಡಿಸಿಟ್ಟ ಎಲೆ.

ಆ ಎಲೆಗೆ ಕೂರುವವರಲ್ಲಿ ಅತಿ ಚಿಕ್ಕವನು ಲಿಟಲ್ ಸ್ಟಿಂಟ್ ಎಂಬ ಹಕ್ಕಿ. ಈ ಕುಲಕ್ಕೆ ಕನ್ನಡದಲ್ಲಿ ಗೊರವವೆಂಬ ಹೆಸರು ಬಳಕೆಯಲ್ಲಿರುವುದರಿಂದ, ಇದನ್ನು ನಾವು ಕಿರುಗೊರವವೆನ್ನೋಣ. ಊರೂರು ತಿರುಗುವ ಮೈಲಾರಲಿಂಗನ ಗೊರವರಂತೆ ಇದೂ ಸಂಚಾರಿಯೇ. ಗುಬ್ಬಿಯಷ್ಟು ಗಾತ್ರದ ಈ ಜೀವ ಉತ್ತರ ಧ್ರುವದ ಬಳಿಯ ಬಯಲುಗಳಲ್ಲಿ ಮೊಟ್ಟೆಯಿಟ್ಟು, ಸಾವಿರಾರು ಮೈಲಿ ಹಾರಿ ಬಂದು ಚಳಿಗಾಲವನ್ನು ನಮ್ಮಲ್ಲಿ ಕಳೆಯುತ್ತದೆ.

ಇದರ ಹಿಂಡಿನಲ್ಲಿ ದಾಯಾದಿಗಳೂ ಬೆರೆತಿರುತ್ತವೆ. ಅವನ್ನು ಬೇರ್ಪಡಿಸುವುದು ಹೇಗೆ? ನಮ್ಮೂರಿನ ನೇಕಾರರನ್ನು ನೋಡಿ. ಹಾಸಿನ ನೂರಾರು ಎಳೆಗಳಲ್ಲಿ ಬಣ್ಣ ತಪ್ಪಿದ ಒಂದೆಳೆ ಅವರ ಕಣ್ಣಿಗೆ ತಟ್ಟನೆ ಬೀಳುತ್ತದೆ. ಕೂದಲಿನ ಕೆಲಸ ಮಾಡುವ ನಮ್ಮ ಹೆಣ್ಣುಮಕ್ಕಳು ಎಳೆಗಳನ್ನು ಉದ್ದ ನೋಡಿ ವಿಂಗಡಿಸುತ್ತಾರೆ. ಇವರಾರೂ ತಪ್ಪೆಳೆಯನ್ನು ಹುಡುಕಲು ಕಲಿತವರಲ್ಲ. ಸರಿಯೆಳೆಯ ಪರಿಚಯವೇ ಅವರಿಗೆ ಆ ದೃಷ್ಟಿಯನ್ನು ಕೊಟ್ಟಿದೆ. ಹಕ್ಕಿಯ ವಿಷಯವೂ ಹಾಗೆಯೇ. ಸೂರ್ಯನನ್ನು ಬೆನ್ನಿಗಿಟ್ಟುಕೊಂಡು ಕುಳಿತು, ಮೊದಲು ಕಿರುಗೊರವವನ್ನೇ ಚೆನ್ನಾಗಿ ನೋಡಿರಿ. ಕಾಲು ಕಪ್ಪು, ಒಂದೆಡೆ ನಿಲ್ಲದ ಚುರುಕು ಓಟ. ಇದು ಮನಸ್ಸಿನಲ್ಲಿ ನಿಂತ ಬಳಿಕ, ಹುಲ್ಲಿನ ಮರೆಯಲ್ಲಿ ನಿಧಾನವಾಗಿ ಮೇಯುವ, ಮೈ ಮಾಸಲು ಬೂದು, ಕಾಲು ಹಳದಿ ಛಾಯೆಯ ಇನ್ನೊಂದು ತಾನಾಗಿ ಬೇರೆಯಾಗುತ್ತದೆ. ಅದು ಟೆಮ್ಮಿಂಕನ ಸ್ಟಿಂಟ್.

ಈ ಬಳಗದಲ್ಲೇ ಅತ್ಯಪೂರ್ವವಾದುದು ಚಮಚದ ಕೊಕ್ಕಿನ ಗೊರವ. ಲಿನೇಯಸ್ ಪಂಡಿತನು 1758ರಲ್ಲಿ ಇದರ ಕೊಕ್ಕನ್ನೇ ಪ್ರಮಾಣವಾಗಿಟ್ಟುಕೊಂಡು, ರಂಗನತಿಟ್ಟಿನಲ್ಲಿ ನಾವು ಕಾಣುವ ದೊಡ್ಡ ಚಮಚಕೊಕ್ಕಿನ ಹಕ್ಕಿಯ ಕುಲಕ್ಕೇ ಸೇರಿಸಿದ್ದನು. ರಷ್ಯದ ಈಶಾನ್ಯ ತುದಿಯಲ್ಲಿ ಇದರ ಗೂಡು. ಬಂಗಾಳ ಕೊಲ್ಲಿಯ ನಮ್ಮ ತೀರದಲ್ಲೂ ಅಪರೂಪವಾಗಿ ಕಂಡುಬಂದಿದೆ. ಇಂದು ಜಗತ್ತಿನಲ್ಲೆಲ್ಲ ಸೇರಿ ಸಾವಿರವೂ ಉಳಿದಿಲ್ಲ. ಸೋಜಿಗವೆಂದರೆ, ಪಕ್ಕದಿಂದ ನೋಡಿದರೆ ಆ ಚಮಚ ಕಾಣುವುದೇ ಕಷ್ಟ. ಹಕ್ಕಿ ನಮ್ಮತ್ತ ಮುಖ ತಿರುಗಿಸಬೇಕು. ಅದಕ್ಕಿಂತಲೂ ದೊಡ್ಡ ತೊಡಕು ಬೇರೆಯಿದೆ. ಸಾಮಾನ್ಯ ಗೊರವದ ಕೊಕ್ಕಿನ ತುದಿಗೆ ಕೆಸರಿನ ಮುದ್ದೆ ಅಂಟಿದರೂ ಅದು ಚಮಚದಂತೆಯೇ ತೋರುತ್ತದೆ!

ಆದ್ದರಿಂದ ಇಲ್ಲಿ ಕಣ್ಣಿನ ಚುರುಕಿನಷ್ಟೇ ಮನಸ್ಸಿನ ಸಂಯಮವೂ ಬೇಕು. 'ಕಂಡೆ' ಎನ್ನುವ ಆಸೆ ಪ್ರಬಲವಾದುದು. ಹಕ್ಕಿ ಕೊಕ್ಕನ್ನು ತೊಳೆಯುವವರೆಗೆ ಕಾಯಬೇಕು, ಜೊತೆಗಾರರಿಗೂ ತೋರಿಸಬೇಕು, ಸಂದೇಹವುಳಿದರೆ ಸಂದೇಹವೆಂದೇ ಬರೆದಿಡಬೇಕು. ಇಂಥ ಬರಹಗಳನ್ನು ಕೂಡಿಸಿಯೇ ಒಂದು ಜಾತಿ ಉಳಿದಿದೆಯೇ, ಅಳಿಯುತ್ತಿದೆಯೇ ಎಂದು ಬಲ್ಲವರು ನಿರ್ಣಯಿಸುವುದು. ಸುಳ್ಳು ಲೆಕ್ಕ ಹಕ್ಕಿಗೂ ಕೇಡು.

ಅಪೂರ್ವವಾದುದನ್ನು ಉಳಿಸಬೇಕಾದರೆ ಸಾಮಾನ್ಯವಾದ ಕೆಸರನ್ನೇ ಉಳಿಸಬೇಕು. ದಕ್ಷಿಣ ಕೊರಿಯದ ಸೆಮಾಂಗುಮ್ ಎಂಬಲ್ಲಿ 2006ರಲ್ಲಿ 33 ಕಿಲೋಮೀಟರು ಉದ್ದದ ಗೋಡೆ ಕಟ್ಟಿ ಸಮುದ್ರವನ್ನು ತಡೆದರು. ಉಬ್ಬರವಿಳಿತದ ಕೆಸರು ಒಣಗಿತು. ದಾರಿಯಲ್ಲಿ ಅಲ್ಲಿಳಿದು ದಣಿವಾರಿಸಿಕೊಳ್ಳುತ್ತಿದ್ದ ಹಕ್ಕಿಗಳಿಗೆ, ಈ ಚಮಚಗೊರವಕ್ಕೂ, ಆ ತಂಗುದಾಣ ತಪ್ಪಿತು. ಇತ್ತ 2012ರಿಂದ ರಷ್ಯದಲ್ಲಿ ಇದರ ಮೊಟ್ಟೆಗಳನ್ನು ತಂದು, ಮರಿಗಳನ್ನು ಮನುಷ್ಯರೇ ಸಾಕಿ ಹಾರಲು ಬಿಟ್ಟಿದ್ದಾರೆ. ಮರಿ ಬೆಳೆಸಿದರಾಯಿತೆ? ಇಳಿಯಲು ನೆಲ ಬೇಡವೆ?

ನಮ್ಮ ನೆರೆಯ ಅಂಕಸಮುದ್ರ, ಮಾಗಡಿ ಕೆರೆಗಳು 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣಗಳಾದವು. ಸಂತೋಷದ ಸಂಗತಿ. ಆದರೆ ಹೆಸರಿಲ್ಲದ ನೀರಂಚುಗಳೂ ಹಕ್ಕಿಗಳಿಗೆ ಬೇಕು. ಮುಂದಿನ ಸಲ ಹುಲಿಗಿಗೆ ಹೋದಾಗ, ಮಕ್ಕಳೊಡನೆ ಒಂದರ್ಧ ಗಂಟೆ ಹಿನ್ನೀರಿನ ದಡದಲ್ಲಿ ಕುಳಿತುಬನ್ನಿ. ಅಪರೂಪದ್ದು ಸಿಗದಿರಬಹುದು, ಕಪ್ಪು ಕಾಲಿನ ಕಿರುಗೊರವವನ್ನಾದರೂ ಗುರುತಿಸಲು ಮಕ್ಕಳು ಕಲಿತಾರು. ಅಷ್ಟು ಕಲಿತ ಕಣ್ಣಿಗೆ ಉಳಿದದ್ದು ಎಂದಾದರೊಂದು ದಿನ ತಾನಾಗಿ ಕಂಡೀತು.